ಸಂಗೀತ ಶಾಲೆಯಲ್ಲಿ ಒಂಬತ್ತನೇ ತರಗತಿ ಮುಗಿಸಿದ ಮಗನನ್ನು ಹತ್ತನೇ ತರಗತಿಗೆ ಸಾಮಾನ್ಯ ಶಾಲೆಗೆ ಹಾಕಬೇಕೇ?

ಈ ವರ್ಷ ಮಗನಿಗೆ ಗಾಯನದಲ್ಲಿ ಬಹುಮಾನಗಳು ಬಂದಿವೆ, ಗಣಿತದ ಅಂಕಗಳು ಇಳಿದಿವೆ, ಆದ್ದರಿಂದ ಧಾರವಾಡದ ಶಾಲೆ ಬಿಡಿಸಿ ಹಾವೇರಿಗೆ ಕರೆತರಬೇಕೇ ಎಂದು ಕೇಳಿದ್ದೀರಿ. ಅವನಿಗೆ ಹದಿನಾಲ್ಕು ವರ್ಷ ಎಂದು ಓದಿದ ಮೇಲೆ ನನಗೆ ಅಂಕಗಳ ಚಿಂತೆ ಉಳಿಯಲಿಲ್ಲ, ಅವನ ದನಿಯ ಚಿಂತೆ ಹತ್ತಿತು. ಅದೇ ವಯಸ್ಸಿನಲ್ಲಿ ನಾನೂ ಅಂಥದೇ ಶಾಲೆಯ ವಸತಿನಿಲಯದಲ್ಲಿದ್ದೆ, ಬಹುಮಾನಗಳನ್ನೂ ಗೆಲ್ಲುತ್ತಿದ್ದೆ.

ನಮ್ಮದು ನರಗುಂದದ ಕಡೆಯ ಹಳ್ಳಿ. ತಂದೆಯವರು ಭಜನಾ ಮೇಳದಲ್ಲಿ ಹಾಡುತ್ತಿದ್ದರು; ನನ್ನ ಎಳೆಯ ಕಂಠ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯ ಎತ್ತರದ ಶ್ರುತಿಯಲ್ಲಿ ಸಲೀಸಾಗಿ ತಾರ ಷಡ್ಜ, ಅಂದರೆ ಮೇಲಿನ ‘ಸ’, ಮುಟ್ಟುತ್ತಿತ್ತೆಂಬ ಕಾರಣಕ್ಕೇ ನನ್ನನ್ನು ಆ ಶಾಲೆಗೆ ಸೇರಿಸಿದರು. ಬೆಳಗಿನ ಜಾವ ಖರ್ಜದ, ಅಂದರೆ ಕೆಳಗಿನ ಸ್ವರಗಳ ಸಾಧನೆ, ಹಗಲಿಡೀ ಎಲ್ಲ ಶಾಲೆಗಳಂತೆ ಪಾಠ, ಸಂಜೆ ತಬಲಾ ಇಲ್ಲವೇ ನಾಟಕದ ತಾಲೀಮು. ಒಂಬತ್ತನೇ ತರಗತಿಯ ವರ್ಷ ಶ್ರಾವಣದ ಪುರಾಣ ಮಂಗಲಗಳಲ್ಲಿ ವಚನ ಹಾಡಿದೆ, ಗಣೇಶನ ಪೆಂಡಾಲುಗಳಲ್ಲಿ ದಾಸರ ಪದ ಹಾಡಿದೆ, ಪ್ರತಿಭಾ ಕಾರಂಜಿಯ ಭಾವಗೀತೆಯಲ್ಲಿ ತಾಲ್ಲೂಕು ಮಟ್ಟ ದಾಟಿದೆ, ರಾಜ್ಯದ ಜೂನಿಯರ್ ಸಂಗೀತ ಪರೀಕ್ಷೆಗೂ ಕಟ್ಟಿದೆ. ಶಾಲೆಯ ವಾರ್ಷಿಕ ವರದಿಯಲ್ಲಿ ಇವೆಲ್ಲವೂ ಸಾಧನೆಗಳೆಂದೇ ದಾಖಲಾದವು.

ಜಿಲ್ಲಾ ಮಟ್ಟಕ್ಕೆ ಮೊದಲೇ ಗುರುಗಳು ಒಂದು ಬೆಳಿಗ್ಗೆ ನನ್ನನ್ನು ತಡೆದು, “ತಮ್ಮಾ, ದನಿ ಒಡ್ಯಾಕ ಹತ್ತೈತಿ. ಸ್ಪರ್ಧಾ ಬಿಡು, ಶ್ರುತಿ ಇಳಸು” ಎಂದಿದ್ದರು. ನಾನು ಬಿಡಲಿಲ್ಲ. ನನ್ನ ತಪ್ಪು ಯಾವುದೆಂಬುದನ್ನು ಇಲ್ಲಿ ಸರಿಯಾಗಿ ಹೇಳಬೇಕು, ಏಕೆಂದರೆ ಕೇಳಿದವರೆಲ್ಲ ಅದನ್ನು ಬರೀ ಹಟವೆಂದು ತಿಳಿಯುತ್ತಾರೆ. ಸ್ಪರ್ಧೆಗೆ ಹೋದದ್ದು ಅಂಥ ದೊಡ್ಡ ತಪ್ಪಲ್ಲ. ಒಂದು ಹಾಡಿಗೆ ಯಾರ ಕಂಠವೂ ಕೆಡುವುದಿಲ್ಲ. ಗುರುಗಳ ಎದುರು ಇಳಿಸಿದ ಶ್ರುತಿಯಲ್ಲಿ ಹಾಡಿ, ಊಟವಾದ ಮೇಲೆ ವಸತಿನಿಲಯದ ಹಿಂದೆ ಹಳೆಯ ಶ್ರುತಿಯನ್ನೇ ಇಟ್ಟುಕೊಂಡು ಕದ್ದು ಸಾಧನೆ ಮಾಡಿದೆನಲ್ಲ, ಕೇಡು ಅಲ್ಲಿ ಆರಂಭವಾಯಿತು. ದನಿ ಗೊಗ್ಗರಾದಾಗ ಅದನ್ನು ನೆಗಡಿಯೆಂದು ಸಾಧಿಸಿದೆ, ಜ್ಯೇಷ್ಠಮಧು ಅಗಿದೆ, ಮೆಣಸಿನ ಕಷಾಯ ಕುಡಿದೆ, ತಾರ ಷಡ್ಜ ಸಿಗದಿದ್ದಾಗ ಕತ್ತಿನ ನರ ಬಿಗಿದು ಅದನ್ನು ಎಳೆದು ತಂದೆ. ಈ ವಯಸ್ಸಿನಲ್ಲಿ ಗಂಡುಹುಡುಗರ ಧ್ವನಿಪೆಟ್ಟಿಗೆ ಬೆಳೆದು, ಧ್ವನಿತಂತುಗಳು ಉದ್ದವಾಗಿ ದಪ್ಪವಾಗಿ, ದನಿ ಸುಮಾರು ಒಂದು ಸಪ್ತಕದಷ್ಟು (ಮೇಲಿನ ‘ಸ’ದಿಂದ ಕೆಳಗಿನ ‘ಸ’ದವರೆಗಿನಷ್ಟು) ಕೆಳಗಿಳಿಯುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಇಳಿದ ದನಿ ರೋಗವಲ್ಲ. ಅದನ್ನು ಏರಿಸಲು ಹೊರಟದ್ದೇ ರೋಗವಾಯಿತು. ಜಿಲ್ಲಾ ಮಟ್ಟದಲ್ಲಿ ಮೇಲಿನ ಸ್ವರ ಸೀಳಿತು, ಅಷ್ಟಕ್ಕೂ ಬುದ್ಧಿ ಬರದೆ ವಾರ್ಷಿಕೋತ್ಸವದ ತಾಲೀಮಿನಲ್ಲಿ ಮತ್ತೆ ಹಾಡಿದೆ. ಕೊನೆಗೆ ಹುಬ್ಬಳ್ಳಿಯಲ್ಲಿ ಗಂಟಲು ತಜ್ಞರು ನೋಡಿ, ಧ್ವನಿತಂತುಗಳ ಮೇಲೆ ಗಂಟುಗಳಾಗಿವೆ, ಹಾಡುವುದಿರಲಿ ಮಾತನ್ನೂ ಕಡಿಮೆ ಮಾಡು ಎಂದರು.

ಮಾತಿಲ್ಲದ ಆ ತಿಂಗಳುಗಳಲ್ಲಿ ಗುರುಗಳು ನನ್ನನ್ನು ಹಾರ್ಮೋನಿಯಂ ಮುಂದೆ ಕೂರಿಸಿದರು. ಶಾಲೆಯ ನಾಟಕದ ಅಷ್ಟೂ ಹಾಡುಗಳಿಗೆ ನಾನೇ ನುಡಿಸಿದೆ. ಹಾಡುವ ಗೆಳೆಯ ಉಸಿರು ತೆಗೆದುಕೊಳ್ಳುವಾಗ ಎಲ್ಲಿ ತುಂಬಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಆಗ ಕಲಿತೆ. ಇಂದು ನನ್ನ ಜೀವನ ನಡೆಯುತ್ತಿರುವುದು ಆ ವಿದ್ಯೆಯಿಂದ. ವಾರ್ಷಿಕ ವರದಿಯಲ್ಲಿ ಮಾತ್ರ ಅದರ ಪ್ರಸ್ತಾಪವಿರಲಿಲ್ಲ. ಕಂಠ ಮರಳಿತು, ಆದರೆ ಎರಡು ಗಂಟೆ ಹಾಡುವ ಶಕ್ತಿ ಅದಕ್ಕೆ ಮತ್ತೆ ಬರಲಿಲ್ಲ.

ಹಿಂದುಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ (1913–2009) ದನಿಯೂ ಗಂಟಲಿನ ಚಿಕಿತ್ಸೆಯ ನಂತರ ಬದಲಾಗಿತ್ತಲ್ಲ ಎಂದು ನಮ್ಮ ಭಾಗದಲ್ಲಿ ಯಾರಾದರೂ ಸಮಾಧಾನ ಹೇಳಿಯೇ ಹೇಳುತ್ತಾರೆ. ಅವರು ಗಡುಸಾದ ದನಿಯನ್ನೇ ಒಪ್ಪಿಕೊಂಡು ಅದರಲ್ಲೇ ಹಾಡಿದರು, ಹೋದ ದನಿಯ ಬೆನ್ನು ಹತ್ತಲಿಲ್ಲ. ಮೇಲಾಗಿ ತಮ್ಮ ಗುರು ಸವಾಯಿ ಗಂಧರ್ವರ ತಾಲೀಮಿಗಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದವರು ಅವರು. ಪೆಂಡಾಲಿನ ಚಪ್ಪಾಳೆಗೆ ಕತ್ತು ಬಿಗಿದ ಹುಡುಗನಿಗೆ ಆ ಉದಾಹರಣೆ ಸಲ್ಲುವುದಿಲ್ಲ.

ಆದ್ದರಿಂದ ಸಂಗೀತವೋ ಅಂಕವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹತ್ತನೇ ತರಗತಿಯಲ್ಲಿ ಆ ಶಾಲೆಯ ಮಕ್ಕಳೂ ಬೇರೆಯವರಂತೆ ಅದೇ ಪರೀಕ್ಷೆಯನ್ನು ಬರೆಯುತ್ತಾರೆ. ನಾನೂ ಬರೆದು ಪ್ರಥಮ ದರ್ಜೆಯಲ್ಲೇ ಪಾಸಾದೆ, ಅದೂ ಕಾರ್ಯಕ್ರಮಗಳು ನಿಂತುಹೋಗಿದ್ದರಿಂದ ಓದಲು ಸಮಯ ಸಿಕ್ಕಿತೆಂಬ ಕಾರಣಕ್ಕೆ. ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಮಗನನ್ನು ಎಷ್ಟು ವೇದಿಕೆಗಳಿಗೆ ಕರೆದೊಯ್ದರು ಎಂದು ವಿಚಾರಿಸಿ, ಗಣಿತ ಎಲ್ಲಿ ಹೋಯಿತೆಂಬುದು ತಿಳಿಯುತ್ತದೆ. ಡಿಸೆಂಬರ್ ನಂತರ ಯಾವ ಕಾರ್ಯಕ್ರಮಕ್ಕೂ ಕಳುಹಿಸುವುದಿಲ್ಲವೆಂದು ಮುಖ್ಯೋಪಾಧ್ಯಾಯರಿಗೆ ಬರೆದುಕೊಡಿ. ಫೋನಿನಲ್ಲಿ ಮಗನನ್ನು ಯಾವ ಬಹುಮಾನ ಬಂತೆಂದು ಕೇಳುವುದನ್ನೂ ನಿಲ್ಲಿಸಿ. ನಮ್ಮ ತಂದೆಯವರು ಪ್ರತಿ ವಾರ ಅದನ್ನೇ ಕೇಳುತ್ತಿದ್ದರು.

ನಾಳೆಯೇ ಅವನ ಗುರುಗಳಿಗೆ ಫೋನ್ ಮಾಡಿ, ಈಗ ಯಾವ ಶ್ರುತಿಯಲ್ಲಿ ಹಾಡಿಸುತ್ತಿದ್ದೀರಿ ಎಂದು ಕೇಳಿ. ಇಳಿಸಿದ್ದೇವೆ, ಮೇಲಿನ ಸ್ವರಗಳನ್ನು ಸದ್ಯಕ್ಕೆ ಬಿಟ್ಟಿದ್ದೇವೆ ಎಂದರೆ ಮಗನನ್ನು ಅಲ್ಲೇ ಬಿಡಿ. ದನಿ ಒಡೆಯುತ್ತಿದ್ದರೂ ಹೋದ ವರ್ಷದ ಶ್ರುತಿಯನ್ನೇ ಹೇಳಿದರೆ ಶಾಲೆ ಬದಲಿಸುವ ಯೋಚನೆ ಮಾಡಿ. ಅದೂ ಹಾವೇರಿಯ ಸಾಮಾನ್ಯ ಶಾಲೆಗಲ್ಲ, ಶ್ರುತಿ ಇಳಿಸುವ ಗುರುಗಳಿರುವ ಮತ್ತೊಂದು ಸಂಗೀತ ಶಾಲೆಗೆ.