ಜಪಾನ್ ಪ್ರವಾಸದಲ್ಲಿ ‘ದುಬಾರಿ, ಆದ್ರೆ ರುಚಿಯಾಗಿದೆ’ ಅಂತ ಜಪಾನಿ ಭಾಷೆಯಲ್ಲಿ ಹೇಳೋದು ಹೇಗೆ?

‘ಕೆದೊ’ ಅನ್ನೋ ಒಂದು ಪದ ಕಲಿತರೆ ಮುಕ್ಕಾಲು ಕೆಲಸ ಮುಗೀತು. ‘ತಕಾಯ್ ದೆಸ್ ಕೆದೊ, ಒಯಿಶೀ ದೆಸ್.’ ಅಂದ್ರೆ ದುಬಾರಿಯಾದ್ರೂ ರುಚಿಯಾಗಿದೆ. ನಮ್ಮ ‘ಆದ್ರೂ’ ಥರಾನೇ ಇದು ಮೊದಲ ಮಾತಿನ ಬಾಲಕ್ಕೆ ಅಂಟಿಕೊಳ್ಳುತ್ತೆ. ಹಾಗಾಗಿ ಕನ್ನಡದಲ್ಲಿ ಯೋಚಿಸಿದರೆ ಸುಲಭ, ಇಂಗ್ಲಿಷಿನಿಂದ ಹೊರಟರೆ ಸುಮ್ನೆ ಗೊಂದಲ.

ಯಾವುದನ್ನ ಕೊನೆಗೆ ಹೇಳ್ತೀರೋ ತೂಕ ಅದಕ್ಕೇ ಜಾಸ್ತಿ. ‘ಒಯಿಶೀ ದೆಸ್ ಕೆದೊ, ತಕಾಯ್ ದೆಸ್’ ಅಂದ್ರೆ ಅದು ದೂರು. ಹೋಟೆಲಿನವರ ಮುಂದೆ ಹೊಗಳಿಕೆಯನ್ನೇ ಕೊನೆಗೆ ಇಡಿ. ಕ್ಯೋಟೊದ ಫುಶಿಮಿ ಇನಾರಿ ದೇಗುಲದಲ್ಲಿ ‘ತೋರಿ’ ಅನ್ನೋ ಕೆಂಪು ಕಮಾನುಗಳ ಕೆಳಗೆ ಜನಜಂಗುಳಿ ಇರುತ್ತಲ್ವಾ? ಅಲ್ಲಿ ‘ಹಿತೊ ಗ ಓಯ್ ದೆಸ್ ಕೆದೊ, ಕಿರೇ ದೆಸ್’ ಅನ್ನಿ: ಜನ ಜಾಸ್ತಿ, ಆದ್ರೂ ಚೆನ್ನಾಗಿದೆ.

‘ಕೆದೊ’ ಜಾಗದಲ್ಲಿ ‘ಗ’ ಹಾಕಿದರೆ ಸ್ವಲ್ಪ ಗಂಭೀರ ಧಾಟಿ, ಬರವಣಿಗೆಗೆ ಒಪ್ಪುತ್ತೆ. ವಾಕ್ಯ ಮುಗಿಸಿದ ಮೇಲೆ ಇನ್ನೇನೋ ನೆನಪಾದ್ರೆ ‘ದೆಮೊ’ (ಆದ್ರೆ) ಅಂತ ಹೊಸದಾಗಿ ಶುರು ಮಾಡಿ.

ಎರಡೂ ಒಳ್ಳೆಯ ಗುಣವಾದ್ರೆ ಮಾತ್ರ ‘ಕೆದೊ’ ಬೇಡ. ಅಗ್ಗವೂ ಹೌದು, ರುಚಿಯೂ ಹೌದು ಅನ್ನೋಕೆ ‘ಯಸುಕುತೆ ಒಯಿಶೀ ದೆಸ್’.