ಎರೆಹುಳುಗಳು ಮುಚ್ಚಳಕ್ಕೆ ಏಕೆ ಹತ್ತುತ್ತವೆ?

ಪ್ರಶ್ನೆ: ಗೊಬ್ಬರ ಮಾಡಲೆಂದು ಪ್ಲಾಸ್ಟಿಕ್ ಡಬ್ಬದಲ್ಲಿ ಕಾಲು ಕಿಲೋ ಎರೆಹುಳು ಬಿಟ್ಟು, ದಿನವೂ ಅಡುಗೆಮನೆಯ ಕಸವನ್ನೆಲ್ಲ ಹಾಕುತ್ತಿದ್ದೇನೆ. ವಾರದೊಳಗೆ ಹುಳಿ ವಾಸನೆ ಬಂದಿದೆ, ಹುಳುಗಳು ಮುಚ್ಚಳಕ್ಕೆ ಹತ್ತುತ್ತಿವೆ. ಏನು ಮಾಡಲಿ?

ಉತ್ತರ: ಕಸ ಹೆಚ್ಚಾಗಿದೆ, ಗಾಳಿ ಸಾಲುತ್ತಿಲ್ಲ. ಹುಳು ಹಸಿ ಸಿಪ್ಪೆಯನ್ನು ನೇರವಾಗಿ ತಿನ್ನುವುದಿಲ್ಲ. ಸೂಕ್ಷ್ಮಜೀವಿಗಳು ಮೆತ್ತಗಾಗಿಸಿದ ಮೇಲೆಯೇ ಅದಕ್ಕೆ ಬಾಯಿ ಹಾಕುವುದು. ಹೊಸ ಡಬ್ಬದಲ್ಲಿ ಆ ಜೀವಿಗಳೇ ಕಡಿಮೆ.

ಕೊಳೆತದ್ದನ್ನು ತೆಗೆದುಹಾಕಿ, ಒಂದು ವಾರ ಏನೂ ಹಾಕಬೇಡಿ. ಹರಿದ ರಟ್ಟು, ಪತ್ರಿಕೆ ಕಾಗದವನ್ನು ನೆನೆಸಿ, ಹಿಂಡಿದರೆ ಒಂದೆರಡು ಹನಿಯಷ್ಟೇ ಬೀಳುವಂತೆ ಮಾಡಿ ಬೆರೆಸಿ. ಹುಳುಗಳು ಇರುವ ಈ ಹಾಸು 15–20 ಸೆಂ.ಮೀ. ದಪ್ಪವಿರಲಿ, ಜೊತೆಗೆ ಒಂದು ಹಿಡಿ ಮಣ್ಣು. ತಳದಲ್ಲಿ ನೀರು ನಿಂತಿದ್ದರೆ 5 ಮಿ.ಮೀ. ತೂತು ಕೊರೆದು, ಕೆಳಗೆ ತಟ್ಟೆ ಇಡಿ. ಎರಡು ರಾತ್ರಿ ಮುಚ್ಚಳ ತೆಗೆದು ದೀಪ ಉರಿಸಿದರೆ, ಬೆಳಕಿಗೆ ಅಂಜಿ ಹುಳುಗಳು ಕೆಳಗಿಳಿಯುತ್ತವೆ.

ಆಮೇಲೆ ದಿನಕ್ಕೆ 50 ಗ್ರಾಂ ಕಸದಿಂದ ಶುರುಮಾಡಿ, ಹಿಂದಿನದು ಕರಗಿದ ಮೇಲೆಯೇ ಮುಂದಿನದು. ಸಿಪ್ಪೆಯನ್ನು ಹಾಸಿನೊಳಗೆ ಹೂತರೆ ನೊಣ ಕಡಿಮೆ. ಉಪ್ಪು, ಎಣ್ಣೆ, ಮಾಂಸ, ಹಾಲಿನ ಪದಾರ್ಥ ಬೇಡವೇ ಬೇಡ. ನಿಂಬೆ ಸಿಪ್ಪೆ ತುಸು ಮಾತ್ರ. ಪುಡಿಮಾಡಿದ ಮೊಟ್ಟೆ ಚಿಪ್ಪು ಹುಳಿಯನ್ನು ತಗ್ಗಿಸುತ್ತದೆ.

ಅಂದಹಾಗೆ, ತೋಟದ ಮಣ್ಣಿನಿಂದ ಅಗೆದು ತಂದ ಹುಳುಗಳಾದರೆ ಇದಾವುದೂ ನೆರವಾಗದು. ಡಬ್ಬಕ್ಕೆ ಒಗ್ಗುವುದು ಐಸೀನಿಯಾ ಫೆಟಿಡಾ ಜಾತಿಯಂಥ, ಮೇಲ್ಪದರದಲ್ಲಿ ಬದುಕುವ ಕೆಂಪು ಹುಳುಗಳು.