ಹಿಂದಿನ ಸೀಟಿನ ಅರ್ಧ ಮಾತು

ಮನಸ್ಸಿನ ತೊಂದರೆಗೆ ಸಲಹೆ ಕೇಳಿ ನನ್ನ ಬಳಿ ಬಂದ ಒಬ್ಬರ ಕಥೆ ಇದು. ಹೆಸರು ಹೇಳುವುದಿಲ್ಲ, ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಮೂವತ್ತು ದಾಟಿದ ಮಹಿಳೆ, ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವರು. ಬಂದು ಕೂತ ತಕ್ಷಣ "ಕದ್ದು ಕೇಳೋ ಚಟ ಹತ್ತಿದೆ ಮೇಡಂ, ಬಿಡಿಸಿ" ಅಂದರು. ಆಗಿದ್ದು ಇಷ್ಟು. ಹಿಂದಿನ ಸೀಟಿನಲ್ಲಿ ಯಾರೋ ಹೆಂಗಸು ಫೋನಿನಲ್ಲಿ ಮಾತಾಡುತ್ತಿದ್ದರು: "ಇಲ್ಲ, ಮಗೂಗೆ ಇನ್ನೂ ಹೇಳಿಲ್ಲ... ಎಷ್ಟು ದಿನ ಅಂತ ಮುಚ್ಚಿಡೋದು... ಸರಿ, ಅವರು ಹೋದ ಮೇಲೆ ನೋಡೋಣ." ಆಮೇಲೆ ಇಳಿದು ಹೋದರು. ಇವರಿಗೆ ಮಾತ್ರ ಅಂದಿನಿಂದ ನಿದ್ದೆ ಸರಿಯಿಲ್ಲ. ಮಗುವಿನ ಅಪ್ಪ ಸಾಯುತ್ತಿದ್ದಾನೆ, ಮಗುವಿಗೆ ಗೊತ್ತಿಲ್ಲ, ತಾನು ತಿರುಗಿ ಒಂದು ಮಾತೂ ಆಡಲಿಲ್ಲ ಅನ್ನೋ ಕೊರಗು. ಅದೇ ಬಸ್ಸಿಗೆ ಕಾದು ಆ ಹೆಂಗಸನ್ನು ಹುಡುಕಿದ್ದೂ ಆಯಿತು. ಕೊನೆಗೆ ಯಾರ ಮಾತೂ ಬೇಡ ಅಂತ ದಾರಿಯುದ್ದಕ್ಕೂ ಇಯರ್‌ಫೋನ್ ಹಾಕಿ ಕೂರತೊಡಗಿದರು.

ಇದು ಚಟ ಅಲ್ಲ ಅಂತ ಮೊದಲೇ ಹೇಳಿದೆ. ನಾವು ಬೇಡ ಅಂದರೂ ಮನಸ್ಸು ಸುತ್ತಲಿನ ಮಾತನ್ನು ಸ್ವಲ್ಪ ಮಟ್ಟಿಗೆ ಆಲಿಸುತ್ತಲೇ ಇರುತ್ತದೆ. 1959ರಲ್ಲಿ ನೆವಿಲ್ ಮೊರೇ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗದಲ್ಲಿ, ಒಂದು ಕಿವಿಯ ಮಾತಿಗಷ್ಟೇ ಗಮನ ಕೊಡಿ ಅಂದಿದ್ದರೂ, ಇನ್ನೊಂದು ಕಿವಿಯಲ್ಲಿ ಬಂದ ತಮ್ಮ ಹೆಸರನ್ನು ಸುಮಾರು ಮೂರನೇ ಒಂದು ಪಾಲು ಜನ ಗುರುತಿಸಿದ್ದರು. ಫೋನ್ ಮಾತಿನ ಕಾಟ ಇನ್ನೂ ಜಾಸ್ತಿ. 2010ರಲ್ಲಿ ಲಾರೆನ್ ಎಂಬರ್ಸನ್ ಮತ್ತು ಜೊತೆಗಾರರ ಅಧ್ಯಯನದಲ್ಲಿ, ಇಬ್ಬರ ಪೂರ್ತಿ ಮಾತಿಗಿಂತ ಒಬ್ಬರ ಕಡೆಯ ಮಾತಷ್ಟೇ ಕೇಳಿದಾಗ ಕೆಲಸದ ಮೇಲಿನ ಗಮನ ಹೆಚ್ಚು ಕೆಟ್ಟಿತು. ಮುಂದೇನು ಬರುತ್ತೆ ಅಂತ ಊಹಿಸಲು ಆಗದಿರುವುದೇ ಕಾರಣ ಅಂತ ಅವರು ವಿವರಿಸುತ್ತಾರೆ.

ಕೇಳಿಸದೆ ಉಳಿದ ಆ ಖಾಲಿ ಜಾಗವನ್ನು ಯಾವುದರಿಂದ ತುಂಬಿದಿರಿ ಅನ್ನೋದೇ ನನಗೆ ಮುಖ್ಯವಾಗಿತ್ತು. ಒಂದು ಹಾಳೆ ಕೊಟ್ಟೆ. ಹಾಳೆಯ ಎಡಗಡೆ, ಕಿವಿಗೆ ಬಿದ್ದ ಮಾತು ಮಾತ್ರ ಬರೆಯಬೇಕು; ಬಲಗಡೆ, ತಾವು ಸೇರಿಸಿಕೊಂಡದ್ದು. ಎಡಗಡೆ ಮೂರೇ ಸಾಲು. ಬಲಗಡೆ ಹಾಳೆ ಸಾಲದೆ ಹಿಂದಕ್ಕೂ ಹೋಯಿತು: ಕಾಯಿಲೆ, ಆಸ್ಪತ್ರೆ, ಬಾಗಿಲ ಹೊರಗೆ ನಿಂತ ಮಗು. ಅಪ್ಪ ಅನ್ನೋ ಪದವೇ ಎಡಗಡೆ ಇಲ್ಲ. ಊರು ಬಿಡುವ ವಿಷಯ ಇರಬಹುದಿತ್ತು, ಸಾಕಿದ ನಾಯಿ ಸತ್ತದ್ದಿರಬಹುದಿತ್ತು. ಅವರು ತುಂಬಾ ಹೊತ್ತು ಹಾಳೆ ನೋಡಿ, "ನಮ್ಮಪ್ಪಂದು ನನಗೆ ಕೊನೇವರೆಗೂ ಹೇಳಿರಲಿಲ್ಲ" ಅಂದರು. ಆಗ ಅವರಿಗೆ ಒಂಬತ್ತು ವರ್ಷವಂತೆ. ಮುಂದಿನ ಭೇಟಿಗಳಲ್ಲಿ ಬಸ್ಸಿನ ವಿಷಯ ಹೆಚ್ಚು ಬರಲೇ ಇಲ್ಲ.

ಹಾಗಂತ ಕೇಳಿದ್ದನ್ನೆಲ್ಲ ಊಹೆ ಅಂತ ತಳ್ಳಿಹಾಕಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಯಾರಾದರೂ ಸಾಯುವ ಮಾತಾಡಿದರೆ, ಹೊಡೆತ ಬೆದರಿಕೆಯ ಮಾತು ಬಂದರೆ, ಸುಮ್ನೆ ಇರಬೇಡಿ. ಪಕ್ಕಕ್ಕೆ ತಿರುಗಿ ಮೆಲ್ಲಗೆ "ಮಾತು ಕಿವಿಗೆ ಬಿತ್ತು, ನೀವು ಸರಿಯಾಗಿದ್ದೀರಾ?" ಅಂತ ಕೇಳಿ. ಸಾಯುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವ ಭಯ ತಪ್ಪು. ಬೇಡ ಅಂದರೆ ಬಿಡಿ, ಆದರೆ ಅಪಾಯ ಕಣ್ಣೆದುರೇ ಇದ್ದರೆ ತುರ್ತು ಸಹಾಯಕ್ಕೆ ಕರೆ ಮಾಡಿ. ಬೆದರಿಸುವವನು ಅಲ್ಲೇ ಇದ್ದರೆ ನೀವೊಬ್ಬರೇ ನಡುವೆ ಹೋಗಬೇಡಿ. ಕುತೂಹಲಕ್ಕೆ ರೆಕಾರ್ಡ್ ಮಾಡುವುದು, ನಾಲ್ಕು ಜನಕ್ಕೆ ಕಥೆ ಹೇಳುವುದು ಮಾತ್ರ ಖಂಡಿತ ಬೇಡ, ಆ ಮಾತು ಅವರದ್ದು.

ಇಯರ್‌ಫೋನ್ ಬಗ್ಗೆಯೂ ಹೇಳಿದೆ, ಹಾಡು ಕೇಳಬೇಕು ಅನ್ನಿಸಿದಾಗ ಹಾಕಿ, ಹೆದರಿ ಹಾಕಬೇಡಿ ಅಂತ. ಹೆದರಿ ದೂರ ಇದ್ದಷ್ಟೂ ಹೆದರಿಕೆ ಬಲಿಯುತ್ತದೆ. ಮೊದಲು ಎರಡು ಸ್ಟಾಪ್ ತೆಗೆದು ಕೂತರು, ಆಮೇಲೆ ಅರ್ಧ ದಾರಿ. ಈಗ ನಿದ್ದೆ ಪರವಾಗಿಲ್ಲ. ಅಪ್ಪನ ವಿಷಯ ಅಮ್ಮನನ್ನು ಒಂದು ಸಲ ಕೇಳಿದ್ದಾರೆ, ಆ ಮಾತು ಇನ್ನೂ ಮುಗಿದಿಲ್ಲ.